ಘಾಟಿಯಲ್ಲಿ ಮೂವತ್ತೈದು

ಮಗಳು ಬರುತ್ತೇನೆಂದಿದ್ದು ಒಂಬತ್ತಕ್ಕೆ. ಒನೊದೆರಾ ಇಸಾಮು ಏಳಕ್ಕೇ ಬಂದು ಘಾಟಿಯ ಬುಡದ ಕ್ಯಾಂಟೀನಿನಲ್ಲಿ ಕಿಟಕಿ ಪಕ್ಕದ ಜಾಗ ಹಿಡಿದಿದ್ದ. ಹದಿಮೂರು ವರ್ಷ ಕಾದವನಿಗೆ ಇನ್ನೆರಡು ಗಂಟೆ ಯಾವ ಲೆಕ್ಕ ಎಂದುಕೊಂಡರೂ ಕಣ್ಣು ಮಾತ್ರ ರಸ್ತೆ ಬಿಟ್ಟು ಕದಲಲಿಲ್ಲ. ಹೊರಗೆ ಹಿಮ ಸಣ್ಣಗೆ, ಪಟ್ಟು ಬಿಡದೆ ಬೀಳುತ್ತಿತ್ತು.

“ಏನ್ರೀ ಇದು, ಗಡ್ಡ ಬೇರೆ ಬೋಳಿಸಿದೀರಾ!” ಕ್ಯಾಂಟೀನಿನ ತೊಕುಕೊ ಬಿಸಿ ಸೋಬಾ ಶಾವಿಗೆಯ ಬಟ್ಟಲನ್ನು ಅವನ ಮುಂದಿಟ್ಟಳು. “ಹಿಮ ತಳ್ಳೋ ಗಾಡೀಲಿ ಬರೋವಾಗ ಒಳ್ಳೆ ಕರಡಿ ಥರ ಇರ್ತೀರಿ. ಇವತ್ತೇನು, ಹೆಣ್ಣು ನೋಡೋಕೆ ಹೊರಟ್ರಾ?”

“ಮಗಳು ಬರ್ತಿದಾಳೆ.”

ತೊಕುಕೊಳ ನಗು ಅರ್ಧಕ್ಕೇ ನಿಂತಿತು. ಅವನಿಗೊಬ್ಬ ಮಗಳಿದ್ದಾಳೆಂದು ಅವಳಿಗೆ ಗೊತ್ತಿತ್ತು; ಅದಕ್ಕಿಂತ ಹೆಚ್ಚು ಅವನು ಯಾರಿಗೂ ಹೇಳಿರಲಿಲ್ಲ. “ಹಾಗಾದ್ರೆ ಮೊದಲು ಇದನ್ನ ತಿನ್ನಿ. ಖಾಲಿ ಹೊಟ್ಟೇಲಿದ್ರೆ ಅಳು ಬೇಗ ಬರುತ್ತೆ,” ಎಂದು ಹೇಳಿ ಒಳಗೆ ಹೋದಳು.

ಇಸಾಮುವಿನ ಹೆಂಡತಿ ಮಸಾಯೊ ದಕ್ಷಿಣದ ಒಕಾಯಾಮಾದವಳು. ಹಿಮವೆಂದರೆ ಮೊದಲಿನಿಂದಲೂ ಅವಳಿಗೆ ಭಯ. ಆ ಭಯ ಕಳೆಯಲೆಂದೇ ಅವನು ನಾಲ್ಕೂ ಚಕ್ರಕ್ಕೆ ಎಳೆತವಿರುವ ಹೊಸ ಗಾಡಿ ಕೊಂಡಿದ್ದ. ಇನ್ನು ಈ ಗಾಡಿಗೆ ಬೇಸಿಗೆಯೂ ಒಂದೇ, ಚಳಿಗಾಲವೂ ಒಂದೇ ಎಂದು ಕೊಚ್ಚಿಕೊಂಡಿದ್ದ. ಕೊಂಡ ಹತ್ತನೇ ದಿನವೇ ಇದೇ ಘಾಟಿಯ ಇಳಿಜಾರಿನಲ್ಲಿ ಗಾಡಿ ಜಾರಿ ತಡೆಗೋಡೆಗೆ ಬಡಿಯಿತು. ಹಿಂದಿನ ಸೀಟಿನಲ್ಲಿದ್ದ ಒಂಬತ್ತು ವರ್ಷದ ಚಿಗುಸಾಳ ಹೆಗಲ ಮೂಳೆ ಮುರಿಯಿತು. ಜಿಂಕೆ ಅಡ್ಡ ಬಂತು ಎಂದು ಇಸಾಮು ಪೊಲೀಸರಿಗೂ ಹೇಳಿದ, ಪಕ್ಕದ ಸೀಟಿನಲ್ಲಿ ನಿದ್ದೆ ಹೋಗಿದ್ದ ಹೆಂಡತಿಗೂ ಹೇಳಿದ. ಮಸಾಯೊ ಜಗಳವಾಡಲಿಲ್ಲ. ವಸಂತ ಬಂದು ರಸ್ತೆ ತೆರೆದ ಕೂಡಲೇ ಮಗಳನ್ನು ಕರೆದುಕೊಂಡು ತವರಿಗೆ ಹೋದವಳು ವಿಚ್ಛೇದನದ ಕಾಗದ ಕಳಿಸಿದಳು.

ಆ ವರ್ಷವೇ ಇಸಾಮು ಮರದ ಮಿಲ್ಲಿನ ಕೆಲಸ ಬಿಟ್ಟು ಘಾಟಿಯಲ್ಲಿ ಹಿಮ ತೆಗೆಯುವ ಗಾಡಿಯ ಚಾಲಕನಾದ. ಪ್ರತಿ ಶರತ್ಕಾಲದಲ್ಲೂ ಒಂದು ಪೆಟ್ಟಿಗೆ ಆಲೂಗಡ್ಡೆ, ಹೊಸ ವರ್ಷಕ್ಕೊಂದು ಕಾರ್ಡು ಒಕಾಯಾಮಾಕ್ಕೆ ಹೋಗುತ್ತಿತ್ತು. ಪೆಟ್ಟಿಗೆ ವಾಪಸು ಬರಲಿಲ್ಲ, ಉತ್ತರವೂ ಬರಲಿಲ್ಲ. ಬೈದು ಬರೆದಿದ್ದರೂ ಅವನು ಆ ಕಾಗದವನ್ನು ಎದೆಗೊತ್ತಿಕೊಂಡು ಮಲಗುತ್ತಿದ್ದ. ಸಂಜೆ ಶಾಲೆ ಬಿಡುವ ಹೊತ್ತಿಗೆ ಗಾಡಿಯನ್ನು ರಸ್ತೆ ಬದಿಗೆ ನಿಲ್ಲಿಸಿ, ಈಗ ಅವಳು ಆರನೇ ತರಗತಿ, ಈಗ ಹೈಸ್ಕೂಲು, ಈಗ ಕೂದಲು ಉದ್ದ ಬಿಟ್ಟಿರಬಹುದು ಎಂದು ಮನಸ್ಸಿನಲ್ಲೇ ಮಗಳನ್ನು ಬೆಳೆಸುತ್ತಿದ್ದ.

ಚಿಗುಸಾ ಈಗ ಬರುತ್ತಿದ್ದುದೂ ಅವನಿಗಾಗಿ ಅಲ್ಲ, ಅಜ್ಜಿಗಾಗಿ. ಘಾಟಿಯಾಚೆಯ ಊರಿನ ವೃದ್ಧರ ಆರೈಕೆ ಮನೆಯಲ್ಲಿದ್ದ ಇಸಾಮುವಿನ ತಾಯಿಗೆ ತೊಂಬತ್ತು ತುಂಬಿತ್ತು. ವಿಮಾನ ಇಳಿದು ಬಾಡಿಗೆ ಕಾರು ತೆಗೆದುಕೊಂಡು ಬರುತ್ತೇನೆ ಎಂದು ಮೊಮ್ಮಗಳು ಅಜ್ಜಿಗೆ ಬರೆದಿದ್ದಳು. ಆ ವಿಷಯ ತಿಳಿದು ಇಸಾಮು ಅವಳಿಗೆ ಒಂದು ಕಾರ್ಡು ಹಾಕಿದ: ಘಾಟಿಯನ್ನು ಒಬ್ಬಳೇ ದಾಟಬೇಡ, ಬುಡದಲ್ಲಿ ಕಾದಿರುತ್ತೇನೆ. ಎರಡೇ ಮಾತಿನ ಉತ್ತರ ಬಂತು. ‘ಸರಿ. ಒಂಬತ್ತಕ್ಕೆ.’

ಬಿಳಿ ಕಾರು ಬಂದಾಗ ಒಂಬತ್ತೂ ಮುಕ್ಕಾಲು. ಇಳಿದವಳ ಗಲ್ಲ ಥೇಟು ಅವಳ ಅಜ್ಜಿಯದೇ. ಎದ್ದು ಹೊರಗೆ ಓಡಿದ ಇಸಾಮು ಮೂರು ಹೆಜ್ಜೆ ದೂರದಲ್ಲೇ ನಿಂತುಬಿಟ್ಟ. ಅವಳು ಬಾಗಿ ನಮಸ್ಕರಿಸಿದಳು.

“ತಡವಾಯ್ತು, ಕ್ಷಮಿಸಿ. ನೀವು ತುಂಬ ಹೊತ್ತು ಕಾದ್ರಾ?”

ನೀವು. ‘ನೀನು ಬಾ, ನೀನು ಎತ್ಕೋ’ ಎಂದು ಹೆಗಲೇರುತ್ತಿದ್ದ ಮಗು ಅವನ ಮನಸ್ಸಿನಲ್ಲಿ ಎಷ್ಟೇ ಬೆಳೆದಿದ್ದರೂ ‘ನೀವು’ ಎಂದಿರಲಿಲ್ಲ.

“ಇಲ್ಲ ಇಲ್ಲ, ಈಗಷ್ಟೇ ಬಂದೆ,” ಎಂದ. ಒಳಗಿನಿಂದ ನೋಡುತ್ತಿದ್ದ ತೊಕುಕೊ ಅವನ ಎರಡು ಖಾಲಿ ಬಟ್ಟಲುಗಳನ್ನು ಸದ್ದಿಲ್ಲದೆ ತೆಗೆದಿಟ್ಟಳು.

“ಒಂದು ಲೋಟ ಬಿಸಿ ಚಹಾ ಕುಡಿ. ಕಾರು ಇಲ್ಲೇ ಇರ್ಲಿ, ನನ್ನ ಸ್ವಂತ ಗಾಡಿ ತಂದಿದೀನಿ, ಅದ್ರಲ್ಲಿ ಹೋಗೋಣ.”

“ಬೇಡ.” ಅವಳ ಕೈ ತನಗರಿವಿಲ್ಲದೆಯೇ ಎಡಹೆಗಲಿಗೆ ಹೋಗಿದ್ದನ್ನು ಅವನು ನೋಡಿದ. “ನಾನೇ ಓಡಿಸ್ತೀನಿ. ಇದೂ ಫೋರ್ ವೀಲ್ ಡ್ರೈವೇ. ಹನ್ನೆರಡಕ್ಕೆ ಅಜ್ಜಿ ನೋಡೋ ಸಮಯ ಮುಗಿಯುತ್ತಂತೆ, ಹೊರಡೋಣ್ವಾ?”

ಇಸಾಮು ಒತ್ತಾಯ ಮಾಡಲಿಲ್ಲ. ಅವಳ ಟೈರು ಬಗ್ಗಿ ನೋಡಿದ, ಹಿಮದ ರಸ್ತೆಗೆಂದೇ ಮಾಡಿದ್ದೇ ಇತ್ತು. “ಒಂದು ಮಾತು ಕೇಳು. ನಾಲ್ಕು ಚಕ್ರ ಎಳೆಯೋದು ಹೊರಡೋಕೆ, ಹತ್ತೋಕೆ. ನಿಲ್ಸೋಕಲ್ಲ. ಬ್ರೇಕು ಎಲ್ಲಾ ಕಾರಿಗೂ ಒಂದೇ ಥರ. ಏರ್ತಾ ನಲವತ್ತು, ಇಳೀತಾ ಮೂವತ್ತೈದು, ಅದಕ್ಕಿಂತ ಮೇಲೆ ಹೋಗ್ಬೇಡ. ಹಿಮದಲ್ಲಿ ರಸ್ತೆ ಅಂಚು ತೋರ್ಸೋಕೆ ಬಾಣದ ಕಂಬ ನೆಟ್ಟಿದಾರಲ್ಲ, ನಾನು ಅದ್ರಲ್ಲಿ ಒಂದನ್ನ ದಾಟಿದ ಮೇಲೆ ನೀನು ಆರು ಎಣಿಸು. ಆರಾದ ಮೇಲೇ ನೀನು ಆ ಕಂಬದ ಹತ್ರ ಬರ್ಬೇಕು.”

“ಆಯ್ತು, ಒನೊದೆರಾ ಅವರೇ,” ಎಂದಳು ಚಿಗುಸಾ, ಹೊರಗಿನವರನ್ನು ಕರೆಯುವಂತೆ ಮನೆತನದ ಹೆಸರು ಹಿಡಿದು.

ಹೀಗೆ ಅಪ್ಪ ಮಗಳು ಎರಡು ಗಾಡಿಗಳಲ್ಲಿ ಘಾಟಿ ಹತ್ತತೊಡಗಿದರು. ಇಸಾಮು ಕನ್ನಡಿಯಲ್ಲಿ ಅವಳನ್ನು ನೋಡಿದ. ಕಾಣುತ್ತಿದ್ದುದು ಎರಡು ದೀಪ, ಅವುಗಳ ಮೇಲೆ ಗಾಜು, ಗಾಜಿನ ಹಿಂದೆ ಮಸುಕಾಗಿ ಒಂದು ಮುಖ. ಇಷ್ಟು ವರ್ಷದಲ್ಲಿ ಅವಳು ಇಷ್ಟು ಹತ್ತಿರ ಬಂದಿದ್ದೇ ಇಲ್ಲ. ಆರು ಎಣಿಸುವಷ್ಟು ದೂರ. ರಸ್ತೆ ಇನ್ನೂ ಉದ್ದ ಇರಬಾರದೇ ಎನ್ನಿಸಿತು ಅವನಿಗೆ.

ಅರ್ಧ ದಾರಿಯಲ್ಲಿ ಆರು ನಾಲ್ಕಾಯಿತು, ನಾಲ್ಕು ಎರಡಾಯಿತು. ಏರಿನಲ್ಲಿ ಕಾರು ಸಲೀಸಾಗಿ ಹತ್ತುತ್ತಿದ್ದುದರಿಂದ ಅವಳಿಗೆ ಧೈರ್ಯ ಬಂದಿದೆ ಎಂದು ಅವನಿಗೆ ತಿಳಿಯಿತು. ಆ ಧೈರ್ಯ ಅವನಿಗೆ ಚೆನ್ನಾಗಿ ಪರಿಚಯವಿತ್ತು. ತುದಿಗೆ ಸ್ವಲ್ಪ ಮುಂಚೆ ರಸ್ತೆ ಅಗಲವಾಗಿ, ನಿಧಾನದ ಗಾಡಿಗಳಿಗೆಂದು ಎಡಕ್ಕೆ ಇನ್ನೊಂದು ಸಾಲು ಬರುತ್ತದೆ. ಅಭ್ಯಾಸದಂತೆ ಅವನು ಎಡಕ್ಕೆ ಸರಿದ. ಬಿಳಿ ಕಾರು ಬಲದಿಂದ ಹಿಮದ ಪುಡಿ ಎರಚುತ್ತ ಅವನನ್ನು ದಾಟಿ ಮುಂದಿನ ಸುರಂಗದೊಳಗೆ ಮಾಯವಾಯಿತು.

“ಚಿಗುಸಾ!” ಎಂದು ಮುಚ್ಚಿದ ಗಾಜಿನೊಳಗೇ ಕೂಗಿದ.

ಕಾಲು ತಾನಾಗಿ ಆಕ್ಸಿಲರೇಟರ್ ಅದುಮಿತು. ಐವತ್ತು, ಐವತ್ತೈದು. ಅವಳ ಹಿಂದೆಯೇ ಹೋಗಿ ಹಾರ್ನ್ ಹೊಡೆದು ನಿಲ್ಲಿಸಬೇಕು. ಹದಿಮೂರು ವರ್ಷದ ಮೇಲೆ ಕನ್ನಡಿಯಲ್ಲಿ ಸಿಕ್ಕವಳನ್ನು ಮತ್ತೆ ಬಿಡುವುದು ಹೇಗೆ? ಆದರೆ ಸುರಂಗದ ಆಚೆ ಬಾಯಲ್ಲಿ ಏನಿರುತ್ತದೆಂದು ಅವನಷ್ಟು ಬಲ್ಲವರು ಆ ರಸ್ತೆಯಲ್ಲಿ ಯಾರೂ ಇರಲಿಲ್ಲ. ಅಲ್ಲಿ ನೆಲ ಹೆಪ್ಪುಗಟ್ಟಿ ಕನ್ನಡಿಯಾಗಿರುತ್ತದೆ, ಅಲ್ಲಿಂದಲೇ ಇಳಿಜಾರು ಶುರು. ತಾನು ಅಟ್ಟಿಸಿಕೊಂಡು ಹೋದರೆ ಅವಳು ಇನ್ನೂ ಓಡಿಸುತ್ತಾಳೆ. ಅವಳು ಜಾರಿ ನಿಂತಿದ್ದರೆ ಹೋಗಿ ಬಡಿಯುವುದು ತನ್ನ ಗಾಡಿಯೇ. ಇಸಾಮು ಹಲ್ಲು ಕಚ್ಚಿ ಕಾಲೆತ್ತಿದ, ಗೇರು ಇಳಿಸಿದ. ಮೂವತ್ತೈದು. ಸುರಂಗ ಎಂದೂ ಅಷ್ಟು ಉದ್ದವಾಗಿರಲಿಲ್ಲ.

ಹೊರಬಂದು ಮೊದಲ ತಿರುವಿನಲ್ಲಿ ಬಿಳಿ ಕಾರು ಹಿಂದುಮುಂದಾಗಿ, ಹಿಂಭಾಗ ಹಿಮದ ದಿಬ್ಬದೊಳಗೆ ಹೊಕ್ಕು, ಮೂತಿ ರಸ್ತೆಗೆ ಅಡ್ಡವಾಗಿ ನಿಂತಿತ್ತು. ಇಸಾಮು ಬ್ರೇಕನ್ನು ಮೆಲ್ಲಗೆ ಒತ್ತಿದ. ಗಾಡಿ ಜಾರಿತು, ಇನ್ನೂ ಜಾರಿತು, ಹತ್ತು ಹೆಜ್ಜೆ ಉಳಿದಿರುವಾಗ ನಿಂತಿತು. ಕೆಂಪು ಎಚ್ಚರಿಕೆ ಬತ್ತಿ ಹೊತ್ತಿಸಿ, ಹಿಂದೆ ಬರುವವರಿಗೆ ಕಾಣುವಂತೆ ಸುರಂಗದ ಬಾಯಲ್ಲಿ ನೆಟ್ಟು, ಬಿದ್ದೆದ್ದು ಅವಳತ್ತ ಓಡಿದ.

ಬಾಗಿಲು ತೆರೆದರೆ ಚಿಗುಸಾ ಸ್ಟಿಯರಿಂಗನ್ನು ಎರಡೂ ಕೈಯಿಂದ ಹಿಡಿದೇ ಇದ್ದಳು. “ಅಪ್ಪಾ, ಬ್ರೇಕ್ ಒತ್ತಿದೆ ಅಪ್ಪಾ, ನಿಲ್ಲಲೇ ಇಲ್ಲ! ನೀನು ಹೇಳಿದ್ದೆ... ಒತ್ತಿದೆ, ನಿಲ್ಲಲೇ ಇಲ್ಲ!”

“ನೋವಾಯ್ತಾ? ಹೆಗಲು ಎತ್ತು ನೋಡೋಣ. ಆ ಕಡೇದು? ಕತ್ತು ತಿರುಗ್ಸು.” ಎಲ್ಲೂ ಏನೂ ಆಗಿರಲಿಲ್ಲ. ಅವನು ಅಲ್ಲೇ ಹಿಮದಲ್ಲಿ ಕುಕ್ಕರಿಸಿದ.

ಆಮೇಲೆ ಹೊಗೆ ಕೊಳವೆಯ ಸುತ್ತಲಿನ ಹಿಮ ಬಿಡಿಸಿದ, ಹಗ್ಗ ಕಟ್ಟಿದ. ಚಿಗುಸಾ ಇನ್ನೊಂದು ಸಲಿಕೆ ಹಿಡಿದು ಚಕ್ರದ ಬುಡ ತೋಡತೊಡಗಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ತೋಡಿದರು.

“ಅವತ್ತು ಎಷ್ಟರಲ್ಲಿ ಓಡಿಸ್ತಿದ್ರಿ?” ಎಂದು ಅವಳು ಇದ್ದಕ್ಕಿದ್ದಂತೆ ಕೇಳಿದಳು. ಮತ್ತೆ ಬಹುವಚನ.

“ಎಪ್ಪತ್ತೆರಡು.”

“ಜಿಂಕೆ?”

ಇಸಾಮುವಿನ ಸಲಿಕೆ ನಿಂತಿತು. “ಜಿಂಕೆ ಇರ್ಲಿಲ್ಲ.”

“ನಂಗೊತ್ತು. ನಾನು ಎದ್ದೇ ಇದ್ದೆ. ಆಸ್ಪತ್ರೇಲಿ ಅಮ್ಮ ನನ್ನ ಕೇಳಿದ್ಲು. ಹೂಂ, ನಾನೂ ನೋಡಿದೆ, ಇಷ್ಟು ದೊಡ್ಡ ಕೊಂಬು ಅಂದೆ. ನನ್ನ ಮುಖ ನೋಡಿದ್ಲು, ಅಷ್ಟರಲ್ಲೇ ಅವಳಿಗೆ ಗೊತ್ತಾಗೋಯ್ತು. ಅವಳು ಬಿಟ್ಟು ಬಂದಿದ್ದು ಗಾಡಿ ಗುದ್ದಿದ್ದಕ್ಕಲ್ಲ. ಮಗು ಬಾಯಲ್ಲೂ ಸುಳ್ಳು ಹೇಳಿಸ್ದ ಅಂತ.”

“ನಾನು ನಿಂಗೆ ಹೇಳು ಅಂದಿರ್ಲಿಲ್ಲ ಕಣೇ.”

“ಅಂದಿರ್ಲಿಲ್ಲ. ನಿಮ್ಮನ್ನ ಬೈತಾಳೆ ಅಂತ ನಾನೇ ಹೇಳ್ದೆ.” ಅವಳು ಕೈಗವಸಿನಿಂದ ಮೂಗು ಒರೆಸಿಕೊಂಡಳು. “ಪ್ರತೀ ವರ್ಷ ಆಲೂಗಡ್ಡೆ ಪೆಟ್ಟಿಗೆ ನಾನೇ ಬಿಚ್ತಿದ್ದೆ. ತಳದವರೆಗೂ ಹುಡುಕ್ತಿದ್ದೆ. ಒಂದು ಸಾಲು ಬರೆದು ಹಾಕ್ಬಹುದಿತ್ತಲ್ಲ, ಜಿಂಕೆ ಇರ್ಲಿಲ್ಲ ಅಂತ.”

ಹದಿಮೂರು ಚಳಿಗಾಲ ಅವನು ಒಂದು ಕಾಗದಕ್ಕಾಗಿ ಕಾದಿದ್ದ. ಅತ್ತ ಒಂದು ಮಗುವೂ ಒಂದು ಸಾಲಿಗಾಗಿ ಕಾಯುತ್ತಿರಬಹುದೆಂದು ಅವನಿಗೆ ಹೊಳೆದೇ ಇರಲಿಲ್ಲ. “ತಪ್ಪಾಯ್ತು,” ಎಂದ. ಅದಕ್ಕಿಂತ ದೊಡ್ಡ ಮಾತು ಅವನಲ್ಲಿರಲಿಲ್ಲ. ಅವನು ತಲೆಬಾಗಿಯೇ ನಿಂತಿದ್ದ. ಚಿಗುಸಾ ತನ್ನ ಸಲಿಕೆಯ ಹಿಮ ಕೊಡವಿ ಅದನ್ನು ಅವನ ಕೈಗೆ ಕೊಟ್ಟಳು.

ಕಾರು ಹೊರಬಂದ ಮೇಲೆ ತನ್ನ ಗಾಡಿಗೆ ಹತ್ತು ಎಂದು ಅವನು ಕೇಳಲಿಲ್ಲ, ಅವಳೂ ಹತ್ತಲಿಲ್ಲ. ಮತ್ತೆ ಅವನು ಮುಂದೆ, ಅವಳು ಹಿಂದೆ. ಕೆಳಗಿಳಿಯುವವರೆಗೂ ಕನ್ನಡಿಯಲ್ಲಿನ ಆ ಎರಡು ದೀಪ ಇದ್ದಷ್ಟೇ ದೂರದಲ್ಲಿದ್ದವು.

ಆರೈಕೆ ಮನೆ ತಲುಪಿದಾಗ ಹನ್ನೆರಡೂವರೆ. ನರ್ಸು ಗಡಿಯಾರ ನೋಡಿದಳು, ಇಬ್ಬರ ಒದ್ದೆ ಮೊಣಕಾಲು ನೋಡಿದಳು, ಒಳಗೆ ಬಿಟ್ಟಳು. ಅಜ್ಜಿ ಚಿಗುಸಾಳ ಮುಖವನ್ನು ಎರಡೂ ಅಂಗೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು.

“ಮೂಳೆ ಕೂಡ್ತೇನೇ?”

“ಕೂಡ್ತು ಅಜ್ಜಿ, ಯಾವತ್ತೋ ಕೂಡ್ತು.”

“ಮತ್ಯಾಕೆ ಇಷ್ಟು ದಿನ ಬರ್ಲಿಲ್ಲ, ಕಳ್ಳಿ?”

ಇಸಾಮು ಬಾಗಿಲಲ್ಲೇ ನಿಂತು ಕಿತ್ತಳೆ ಸುಲಿಯುತ್ತಿದ್ದ. ಅಜ್ಜಿ ಮೊಮ್ಮಗಳ ನಗು ಕೇಳುತ್ತಿತ್ತು. ಆ ನಗುವನ್ನು ಅವನು ಎಷ್ಟೋ ಸಲ ಕಲ್ಪಿಸಿಕೊಂಡಿದ್ದ, ಆದರೆ ಇಷ್ಟು ಒರಟಾಗಿ, ತನ್ನದರಂತೆಯೇ ಇರುತ್ತದೆಂದು ಎಣಿಸಿರಲಿಲ್ಲ.

ಮರುದಿನ ಮಧ್ಯಾಹ್ನ ಅವಳು ಹೊರಟಳು. ಹಿಮ ನಿಂತು ಬಿಸಿಲು ಬಿದ್ದಿತ್ತು. ಬೇಡವೆಂದರೂ ಕೇಳದೆ ಅವನು ಮತ್ತೆ ಗಾಡಿಯಲ್ಲಿ ಮುಂದೆ ಸಾಗಿ ಘಾಟಿ ದಾಟಿಸಿದ. ಆಚೆಯ ಬಯಲಿನಲ್ಲಿ ರಸ್ತೆ ಕಪ್ಪಗೆ ಒಣಗಿತ್ತು. ಎಡಕ್ಕೆ ಸರಿದು, ಹೋಗು ಎಂದು ಕೈ ಬೀಸಿದ.

ಬಿಳಿ ಕಾರು ಅವನ ಪಕ್ಕದಲ್ಲಿ ಹಾದು ಮುಂದಾಯಿತು. ಅದರ ಹಿಂದಿನ ಎರಡೂ ದೀಪ ಒಟ್ಟಿಗೆ ಎರಡು ಬಾರಿ ಮಿನುಗಿದವು. ದಾರಿ ಬಿಟ್ಟವರಿಗೆ ಯಾರಾದರೂ ಧನ್ಯವಾದವೆಂದು ಮಾಡುವ ಉಪಚಾರ ಅದು. ಲಾರಿಯವರು ದಿನಕ್ಕೆ ಹತ್ತು ಸಲ ಅವನಿಗೆ ಹಾಗೆ ಮಾಡುತ್ತಾರೆ. ಇಸಾಮು ಗಾಡಿ ನಿಲ್ಲಿಸಿ ಕೆಳಗಿಳಿದ. ನೇರ ರಸ್ತೆಯಲ್ಲಿ ಆ ಕಾರು ಚುಕ್ಕೆಯಾಗಿ, ಚುಕ್ಕೆಯೂ ಕಾಣದಾದ ಮೇಲೂ, ಇನ್ನೊಮ್ಮೆ ಮಿನುಗೀತೇನೋ ಎಂದು ನೋಡುತ್ತಲೇ ಇದ್ದ.