ಮುಂದಿನ ಸೂಚನೆಯವರೆಗೆ

ಆಸ್ಪತ್ರೆಯಲ್ಲಿ ನನ್ನನ್ನು ತಟ್ಟೆ ಮೇಡಂ ಎಂದು ಕರೆಯುತ್ತಾರೆ. ಹೊಸದಾಗಿ ಸೇರಿದವರು ಕ್ಯಾಂಟೀನಿನ ಮೇಲ್ವಿಚಾರಕಿ ಎಂದುಕೊಂಡು, ಚಹಾ ತಣ್ಣಗಿದೆ ಎಂದು ನನ್ನ ಬಳಿ ದೂರು ಹೇಳಿದ್ದೂ ಉಂಟು. ನನ್ನ ತಟ್ಟೆಗಳು ಬೇರೆ. ಅಂಗೈಯಷ್ಟು ಅಗಲದ ಮುಚ್ಚಳದ ತಟ್ಟೆಗಳು, ತಳದಲ್ಲಿ ಕ್ರಿಮಿಗಳಿಗೆಂದು ತೆಳುವಾಗಿ ಹೆಪ್ಪುಗಟ್ಟಿಸಿದ ಕೆಂಪು ಆಹಾರ. ರೋಗಿಯ ರಕ್ತವನ್ನೋ ಕಫವನ್ನೋ ಅದರ ಮೇಲೆ ಸವರಿ ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟರೆ, ಅದರಲ್ಲಿರುವ ಕ್ರಿಮಿಗಳು ಎರಡು ದಿನದಲ್ಲಿ ಚುಕ್ಕೆ ಚುಕ್ಕೆಯಾಗಿ ಬೆಳೆಯುತ್ತವೆ. ಅದು ಯಾವ ಕ್ರಿಮಿ, ಯಾವ ಔಷಧಿಗೆ ಸಾಯುತ್ತದೆ ಎಂದು ನೋಡಿ ಮೇಲಿನವರಿಗೆ ಬರೆದು ಕಳಿಸುವುದು ನನ್ನ ಕೆಲಸ. ನೆಲಮಾಳಿಗೆಯ ಈ ಲ್ಯಾಬಿನಲ್ಲಿ ಇಪ್ಪತ್ತು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ.

ವಾರದಲ್ಲಿ ನನಗಾಗದ ದಿನ ಸೋಮವಾರ. ಮೂರನೇ ಮಹಡಿಯಲ್ಲಿ ಮಕ್ಕಳ ಐಸಿಯು ಇದೆ. ಸೋಮವಾರ ಬೆಳಗ್ಗೆ ಆರಕ್ಕೆ ಸರಿಯಾಗಿ ಅಲ್ಲಿನ ಪ್ರಿಂಟರ್ ತನ್ನಷ್ಟಕ್ಕೆ ಚೀಟಿಗಳನ್ನು ಉಗುಳುತ್ತಿತ್ತು. ಉಸಿರಾಟದ ನಳಿಕೆ ಹಾಕಿರುವ ಪ್ರತಿ ಮಗುವಿಗೂ ಒಂದು ಚೀಟಿ. ನರ್ಸುಗಳು ಅದನ್ನು ಡಬ್ಬಿಗೆ ಅಂಟಿಸಿ, ನಳಿಕೆಯಿಂದ ಒಂದಿಷ್ಟು ಕಫ ಎಳೆದು ತುಂಬಿ ಕೆಳಗೆ ಕಳಿಸುತ್ತಿದ್ದರು. ಮಗುವಿಗೆ ಜ್ವರವಿದೆಯೋ ಇಲ್ಲವೋ, ಹುಷಾರಾಗುತ್ತಿದೆಯೋ ಇಲ್ಲವೋ, ಯಾರೂ ಕೇಳುತ್ತಿರಲಿಲ್ಲ. ಚೀಟಿ ಬಂತು, ಡಬ್ಬಿ ಹೋಯಿತು, ಅಷ್ಟೇ.

ಗಂಟಲಲ್ಲಿ ನಳಿಕೆ ಇದ್ದ ಮೇಲೆ ಅದರೊಳಗೆ ಕ್ರಿಮಿ ಇದ್ದೇ ಇರುತ್ತದೆ, ಸಿಂಕಿನ ಪೈಪಿನಲ್ಲಿ ಲೋಳೆ ಇರುವ ಹಾಗೆ. ಅದು ನಳಿಕೆಯಲ್ಲಿ ಬಿಡಾರ ಹೂಡಿರುವುದು ಬೇರೆ, ಮಗುವಿನ ಶ್ವಾಸಕೋಶಕ್ಕೆ ಇಳಿದು ಕಾಯಿಲೆ ತರುವುದು ಬೇರೆ. ನನ್ನ ತಟ್ಟೆಗೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ. ಸಿಕ್ಕಿದ್ದನ್ನು ಬೆಳೆಸುತ್ತದೆ. ಕ್ರಿಮಿ ಇದೆ ಎಂದು ನಾನು ಬರೆಯುತ್ತೇನೆ, ಮೇಲೆ ಔಷಧಿ ಶುರುವಾಗುತ್ತದೆ.

ಕಿಟಕಿ ಪಕ್ಕದ ಮಂಚದ ಹುಡುಗಿಯ ಡಬ್ಬಿ ಹೀಗೆ ಏಳು ಸೋಮವಾರ ಬಂದಿತ್ತು. ಆರು ವರ್ಷದವಳು. ನರಗಳ ಕಾಯಿಲೆಯಿಂದ ಮೊದಲು ಕಾಲು, ಆಮೇಲೆ ಕೈ, ಕೊನೆಗೆ ಉಸಿರೂ ಸೋತು ದಾಖಲಾಗಿದ್ದಳು. ಗಂಟಲಿನಲ್ಲಿ ರಂಧ್ರ ಮಾಡಿ ನಳಿಕೆ ಕೂರಿಸಿದ್ದರು. ಮೂರು ವಾರದಿಂದ ಯಂತ್ರದ ಹಂಗಿಲ್ಲದೆ ತಾನೇ ಉಸಿರಾಡುತ್ತಿದ್ದಳು. ವಾರ್ಡಿಗೆ ಹೋದರೆ ಅಮ್ಮ ಹಗಲೂ ರಾತ್ರಿ ಪಕ್ಕದಲ್ಲೇ ಇರಬಹುದು. ಐಸಿಯುನಲ್ಲಿ ಬೆಳಗ್ಗೆ ಹದಿನೈದು ನಿಮಿಷ, ಸಂಜೆ ಹದಿನೈದು ನಿಮಿಷ. ಆದರೆ ರಿಪೋರ್ಟಿನಲ್ಲಿ ಕ್ರಿಮಿ ಇರುವ ಮಗುವನ್ನು ಹೊರಗೆ ಬಿಡಬಾರದು ಎಂದು ಅಲ್ಲಿನ ದೊಡ್ಡ ಡಾಕ್ಟರ ಕಟ್ಟಪ್ಪಣೆ. ಒಂದು ಔಷಧಿಗೆ ಒಂದು ಕ್ರಿಮಿ ಸತ್ತರೆ ಮುಂದಿನ ಸೋಮವಾರಕ್ಕೆ ಅದರ ಜಾಗದಲ್ಲಿ ಇನ್ನೊಂದು ಗಟ್ಟಿ ಪಿಂಡ ಬಂದು ಕೂತಿರುತ್ತಿತ್ತು.

ಏಳನೇ ರಿಪೋರ್ಟ್ ಹೋದ ಬುಧವಾರ ಮಧ್ಯಾಹ್ನ ನಾನು ಊಟದ ಡಬ್ಬಿ ಬಿಚ್ಚಿದ್ದೆ. ಆ ಹುಡುಗಿಯ ಅಪ್ಪ ಬಾಗಿಲಲ್ಲಿ ಬಂದು ನಿಂತ. ಲಿಫ್ಟ್ ರಿಪೇರಿ ಮಾಡುವವನು ಎಂದು ತಾನೇ ಹೇಳಿಕೊಂಡ.

"ಮೇಡಂ, ಈ ಸಲಾನೂ ಕೆಟ್ಟದ್ದೇ ಬಂತಂತೆ."

"ಮೇಲೆ ಡಾಕ್ಟರನ್ನ ಕೇಳಿ. ನಾವು ಮನೆಯವರ ಹತ್ರ ರಿಪೋರ್ಟ್ ವಿಷಯ ಮಾತಾಡೋ ಹಾಗಿಲ್ಲ."

"ಕೇಳ್ದೆ ಮೇಡಂ. ಕ್ಲೀನ್ ಬಂದ್ರೆ ವಾರ್ಡಿಗೆ ಕಳಿಸ್ತೀವಿ ಅಂದ್ರು. ಅದಕ್ಕೇ ನಿಮ್ಮ ಹತ್ರ ಬಂದೆ. ನಾವು ಇನ್ನೇನು ಮಾಡ್ಬೇಕು ಹೇಳಿ. ಕೆಲಸದ ಬಟ್ಟೇಲಿ ಬರೋದು ಬಿಟ್ಟೆ. ದಿನಕ್ಕೆ ಮೂವತ್ತು ಸಲ ಕೈ ತೊಳೀತೀನಿ. ಮೂರು ವಾರ ಆಯ್ತು, ನಾವಿಬ್ರೂ ಅವಳನ್ನ ಮುಟ್ಟೇ ಇಲ್ಲ."

"ಮುಟ್ಟಿಲ್ಲ ಅಂದ್ರೆ?"

"ನಮ್ಮಿಂದ್ಲೇ ಹೋಗ್ತಿದೆ ಅಂತ ನನ್ನ ಹೆಂಡ್ತಿಗೆ. ಹದಿನೈದು ನಿಮಿಷಾನೂ ಕೈ ಕಟ್ಕೊಂಡು ದೂರ ನಿಂತಿರ್ತಾಳೆ. ಬುಗುರಿ... ಮನೇಲಿ ಹಾಗೆ ಕರೆಯೋದು, ಒಂದ್ಕಡೆ ನಿಂತವಳಲ್ಲ... ನಳಿಕೆ ಇರೋದ್ರಿಂದ ಮಾತು ಬರಲ್ಲ. ಸುಮ್ನೆ ನಮ್ಮನ್ನೇ ನೋಡ್ತಾಳೆ."

ಅವನ ಬೆರಳುಗಳ ಸಂದಿಯಲ್ಲಿ ಚರ್ಮ ಬಿರಿದು ಕೆಂಪಾಗಿತ್ತು. ನಿಮ್ಮ ಕೈಗೂ ಆ ಕ್ರಿಮಿಗೂ ಎಳ್ಳಷ್ಟೂ ಸಂಬಂಧವಿಲ್ಲ ಎಂದು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಲ್ಯಾಬಿನವರು ಮನೆಯವರೊಂದಿಗೆ ಮಾತಾಡಬಾರದು ಎಂಬ ನಿಯಮದ ಹಿಂದೆ ಅಡಗಿ, "ಮೇಲೆ ಕೇಳಿ" ಎಂದು ಇನ್ನೊಮ್ಮೆ ಹೇಳಿದೆ. ಅವನು ನನ್ನ ಡಬ್ಬಿಯ ಕಡೆ ನೋಡಿ, "ಆಯ್ತು ಮೇಡಂ, ನೀವು ಊಟ ಮಾಡಿ" ಎಂದು ಹೊರಟುಹೋದ.

ಊಟದ ಡಬ್ಬಿ ಮುಚ್ಚಿಟ್ಟೆ. ನನಗೆ ಬೇಸರವಾದಾಗ ಅದು ಸಿಟ್ಟಾಗಿಯೇ ಹೊರಬರುತ್ತದೆ, ಅದು ನನ್ನ ಸ್ವಭಾವ. ಈ ಸೋಮವಾರದ ನಿಯಮ ಮಾಡಿದ ಮಹಾನುಭಾವ ಯಾರು, ಹಿಡಿದು ಗ್ರಹಚಾರ ಬಿಡಿಸಿಯೇ ಬಿಡೋಣ ಎಂದು ಫೋನ್ ಎತ್ತಿದೆ. ಐಸಿಯುನ ಹಿರಿಯ ಸಿಸ್ಟರ್, "ಮೊದಲಿಂದ್ಲೂ ಹೀಗೇ ಮೇಡಂ" ಎಂದಳು. ಯಾವ ಮೊದಲು ಎಂದರೆ ಅವಳಿಗೆ ಗೊತ್ತಿಲ್ಲ. ದೊಡ್ಡ ಡಾಕ್ಟರು, "ನಾನು ಬರೋಕೆ ಮುಂಚೆನೇ ಇತ್ತು, ಲ್ಯಾಬಿನವರಿಗೆ ಬೇಕಂತೆ ಅಂತ ಹೇಳಿದ್ರು" ಎಂದರು. ನಮಗೆ ಬೇಕಂತೆ! ನನಗೆ ಮೈಯೆಲ್ಲ ಉರಿಯಿತು. ಕಂಪ್ಯೂಟರ್ ವಿಭಾಗದವನನ್ನು ಹಿಡಿದರೆ, ನರ್ಸುಗಳ ಕೈಪಿಡಿಯಲ್ಲಿದ್ದದ್ದನ್ನು ಹಾಗೇ ಹಾಕಿದ್ದೇನೆ ಎಂದ. ಕೈಪಿಡಿ ಮಾಡಿದವರು ಯಾವುದೋ ಹಳೆಯ ಸುತ್ತೋಲೆ ನೋಡಿ ಬರೆದಿದ್ದರು.

ಮರುದಿನ ದಾಖಲೆ ಕೋಣೆಗೆ ಹೋದೆ. ಅಲ್ಲಿನ ಗುಮಾಸ್ತ ಏಣಿ ಹತ್ತಿ ಒಂದೊಂದೇ ಕಡತ ಇಳಿಸಿಕೊಟ್ಟ. ಮೂಗಿಗೆ ಸೆರಗು ಹಿಡಿದು ಹಾಳೆ ತಿರುವುತ್ತಾ, ಸಿಕ್ಕವನಿಗೆ ಏನೇನು ಅನ್ನಬೇಕು ಎಂದು ಬಾಯಲ್ಲಿ ತಾಲೀಮು ಮಾಡಿಕೊಳ್ಳುತ್ತಿದ್ದೆ. ಸುತ್ತೋಲೆ ನಾಲ್ಕನೇ ಕಡತದಲ್ಲಿ ಸಿಕ್ಕಿತು. ಹನ್ನೊಂದು ವರ್ಷದ ಹಿಂದಿನದು. "ಐಸಿಯುನಲ್ಲಿ ನಾಲ್ಕು ಮಕ್ಕಳಿಗೆ ಒಂದೇ ಬಗೆಯ ಸೋಂಕು ಕಂಡುಬಂದ ಕಾರಣ, ನಳಿಕೆ ಇರುವ ಎಲ್ಲ ಮಕ್ಕಳ ಕಫವನ್ನು ಪ್ರತಿ ಸೋಮವಾರ ತಪ್ಪದೆ ಲ್ಯಾಬಿಗೆ ಕಳಿಸತಕ್ಕದ್ದು. ಮುಂದಿನ ಸೂಚನೆಯವರೆಗೆ." ಕೆಳಗೆ ನನ್ನ ಸಹಿ.

ಇಂಗು ತಿಂದ ಮಂಗನ ಹಾಗೆ ಕೂತೆ. ಎಲ್ಲ ನೆನಪಾಯಿತು. ಸೋಂಕು ಬಂದದ್ದು ಕೈ ತೊಳೆಯುವ ನಲ್ಲಿಯಿಂದ ಎಂದು ಐದು ವಾರದಲ್ಲಿ ಪತ್ತೆ ಹಚ್ಚಿದ್ದೆವು. ನಲ್ಲಿ ಬದಲಾಯಿಸಿದರು, ಸೋಂಕು ನಿಂತಿತು, ನಾನು ಬೀಗಿದ್ದೇ ಬೀಗಿದ್ದು. ಮುಂದಿನ ಸೂಚನೆ ಮಾತ್ರ ಕೊಡಲಿಲ್ಲ. ಕೊಡಬೇಕೆಂದು ಹೊಳೆಯಲೂ ಇಲ್ಲ. ಆಮೇಲೆ ಹನ್ನೊಂದು ವರ್ಷ ಪ್ರತಿ ಸೋಮವಾರ ಬಂದ ಡಬ್ಬಿಗಳನ್ನು ನೋಡಿ ಮೇಲಿನವರಿಗೆ ಬುದ್ಧಿ ಇಲ್ಲ ಎಂದು ಬೈದುಕೊಳ್ಳುತ್ತಲೇ ಎಲ್ಲವನ್ನೂ ತಟ್ಟೆಗೆ ಹಾಕಿದ್ದೆ.

"ಸಿಕ್ತಾ ಮೇಡಂ, ಯಾರಂತೆ?" ಎಂದ ಗುಮಾಸ್ತ ಏಣಿಯ ಮೇಲಿಂದ.

"ಸಿಕ್ಕಿದ್ರು. ನೀನು ಇಳಿ."

ಶುಕ್ರವಾರ ಆ ಕಾಗದ ಹಿಡಿದು ದೊಡ್ಡ ಡಾಕ್ಟರ ಮುಂದೆ ಕೂತೆ. ಅವರು ಕನ್ನಡಕ ಏರಿಸಿ ಎರಡು ಸಲ ಓದಿದರು.

"ನಿಲ್ಲಿಸೋಣ ಅಂತೀರಿ. ಏನಾದ್ರೂ ಕಣ್ತಪ್ಪಿದ್ರೆ? ನಾಳೆ ಜನ ನನ್ನನ್ನ ಕೇಳ್ತಾರೆ, ನಿಮ್ಮನ್ನಲ್ಲ."

"ಪರೀಕ್ಷೆ ಬೇಡ ಅಂತಿಲ್ಲ ಡಾಕ್ಟ್ರೇ. ಚೀಟಿ ಬಂತು ಅಂತ ಕಳಿಸ್ಬೇಡಿ. ಮೊದಲು ಮಗೂನ ನೋಡಿ. ಜ್ವರ ಬಂದು ಉಸಿರಿಗೆ ಕಷ್ಟ ಆದ್ರೆ, ಕಫದ ಬಣ್ಣ ತಿರುಗಿದ್ರೆ, ಆಗ ಕಳಿಸಿ. ಊಟ ಬಿಟ್ಟು ನೋಡಿಕೊಡ್ತೀನಿ."

"ಕಿಟಕಿ ಪಕ್ಕದ ಹುಡುಗಿಗೆ?"

"ಅವಳಿಗೆ ಜ್ವರ ಯಾವಾಗ ಬಂದಿತ್ತು?"

ಅವರು ಸಿಸ್ಟರನ್ನು ಕರೆದು ಜ್ವರದ ಪಟ್ಟಿ ತರಿಸಿದರು. ನಾಲ್ಕು ವಾರದಿಂದ ಜ್ವರವೇ ಇರಲಿಲ್ಲ. ದೊಡ್ಡ ಡಾಕ್ಟರು ಪಟ್ಟಿಯನ್ನು ತಮ್ಮತ್ತ ಎಳೆದುಕೊಂಡು ತಾವೇ ನೋಡಿದರು. ಆಮೇಲೆ ಅವಳ ಔಷಧಿಯನ್ನೂ ಸೋಮವಾರದ ಚೀಟಿಗಳನ್ನೂ ನಿಲ್ಲಿಸಲು ಬರೆದರು. ಬರುವ ಬುಧವಾರದವರೆಗೆ ನೋಡುವುದು, ಚೆನ್ನಾಗಿದ್ದರೆ ಗುರುವಾರ ವಾರ್ಡು, ಇಲ್ಲದಿದ್ದರೆ ಹಳೆಯ ನಿಯಮವೇ ಗಟ್ಟಿ ಎಂದರು.

ಆ ಸೋಮವಾರ ಪ್ರಿಂಟರ್ ಬಾಯಿ ಮುಚ್ಚಿಕೊಂಡಿತ್ತು. ಹನ್ನೊಂದು ಗಂಟೆಗೆ ಫೋನ್ ಬಂತು. ದೊಡ್ಡ ಡಾಕ್ಟರೇ.

"ನಿಮ್ಮ ಹುಡುಗಿಗೆ ಜ್ವರ. ಡಬ್ಬಿ ಕಳಿಸ್ಲಾ?"

ಕಳಿಸಿ ಎಂದರೆ ಕ್ರಿಮಿ ಬೆಳೆದೇ ಬೆಳೆಯುತ್ತದೆ, ಹುಡುಗಿ ಇನ್ನೂ ಎರಡು ವಾರ ಅಲ್ಲೇ. ಬೇಡ ಎಂದು ಅದು ನಿಜವಾದ ಕಾಯಿಲೆಯೇ ಆಗಿದ್ದರೆ?

"ಉಸಿರಾಟ ಹೇಗಿದೆ?"

"ಸರಿಯಾಗೇ ಇದೆ."

"ಕಫ?"

"ನಿನ್ನೆ ಇದ್ದ ಹಾಗೇ."

"ಮೈಯೆಲ್ಲ ನೋಡಿದ್ರಾ?"

ಆ ಕಡೆ ಫೋನನ್ನು ಮೇಜಿನ ಮೇಲಿಟ್ಟ ಸದ್ದಾಯಿತು. ಕಾದೆ. ಎಡಗೈಯ ಪಟ್ಟಿ ಬಿಚ್ಚಿದ ಸಿಸ್ಟರ್ "ಡಾಕ್ಟ್ರೇ, ಇಲ್ಲಿ ನೋಡಿ" ಎಂದದ್ದು ನನಗೂ ಕೇಳಿಸಿತು. ಡ್ರಿಪ್ ಸೂಜಿ ಚುಚ್ಚಿದ್ದ ರಕ್ತನಾಳ ಕೆಂಪಗೆ ಬಾತುಕೊಂಡಿತ್ತು. ಬೇಡದ ಔಷಧಿಗೆಂದು ಹಾಕಿದ್ದ ಸೂಜಿ, ಔಷಧಿ ನಿಂತ ಮೇಲೂ ತೆಗೆಯುವುದನ್ನು ಮರೆತಿದ್ದರು. ಮರೆವು ನನ್ನೊಬ್ಬಳ ಸೊತ್ತಲ್ಲ ಎಂದು ಸಮಾಧಾನ ಪಡುವ ಹೊತ್ತಲ್ಲ ಅದು. ಸೂಜಿ ತೆಗೆದರು. ಡಬ್ಬಿ ಕಳಿಸಲಿಲ್ಲ. ನಾನು ಸಂಜೆಯವರೆಗೆ ಫೋನಿನ ಪಕ್ಕ ಬಿಟ್ಟು ಕದಲಲಿಲ್ಲ. ಆರು ಗಂಟೆಗೆ ಸಿಸ್ಟರ್ ಜ್ವರ ಇಳಿಯಿತು ಎಂದಳು.

ಗುರುವಾರ ಹುಡುಗಿ ವಾರ್ಡಿಗೆ ಹೋದಳು. ಶನಿವಾರ ಎಲ್ಲ ವಿಭಾಗಗಳ ಸಭೆ. ಬೇಡದ ಪರೀಕ್ಷೆಗಳನ್ನು ನಿಲ್ಲಿಸಲು ಲ್ಯಾಬ್ ತೋರಿದ ಮುಂದಾಳತ್ವ ಮಾದರಿಯಾದದ್ದು ಎಂದು ನಿರ್ದೇಶಕರು ಹೊಗಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಎದ್ದು, ಇದು ನನ್ನದೇ ಹಳೆಯ ತಪ್ಪು ಎಂದೆ. ಎಂಥ ವಿನಯ ಎಂದು ಇನ್ನೊಮ್ಮೆ ತಟ್ಟಿದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಸಭೆ ಮುಗಿದದ್ದೇ ಸೀದಾ ಮಕ್ಕಳ ವಾರ್ಡಿಗೆ ನಡೆದೆ.

ಹುಡುಗಿ ದಿಂಬಿಗೆ ಒರಗಿ ಕೂತಿದ್ದಳು. ಅಪ್ಪ ಕಾಲಿನ ಕಡೆ ನಿಂತಿದ್ದ. ಅಮ್ಮ ಸ್ಟೂಲಿನ ಮೇಲೆ, ಎರಡೂ ಕೈಗೆ ರಬ್ಬರ್ ಕೈಗವಸು ಹಾಕಿಕೊಂಡು, ಮಂಚಕ್ಕೆ ಒಂದು ಮಾರು ದೂರದಲ್ಲಿ ಕೂತಿದ್ದಳು. ಎಷ್ಟು ಶಿಸ್ತಿನ ತಾಯಿ ಎಂದು ವಾರ್ಡಿನ ನರ್ಸ್ ನನ್ನ ಕಿವಿಯಲ್ಲಿ ಹೊಗಳಿದಳು.

ನಾನು ಇಬ್ಬರಿಗೂ ಎಲ್ಲ ಹೇಳಿದೆ. ಸುತ್ತೋಲೆ, ನಲ್ಲಿ, ಹನ್ನೊಂದು ವರ್ಷ. ನಳಿಕೆ ಇರುವವರೆಗೆ ಕ್ರಿಮಿ ಇದ್ದೇ ಇರುತ್ತದೆ, ಅದು ನಿಮ್ಮ ಕೈಯಿಂದ ಬಂದದ್ದಲ್ಲ, ನೀವು ಕೇಳಲು ಬಂದ ದಿನವೂ ನನಗೆ ಅದು ಗೊತ್ತಿತ್ತು ಎಂದೆ.

ಅಪ್ಪ ಕೇಳಿದ. "ಇದಕ್ಕೆ ನಿಮ್ಮನ್ನ ಏನು ಮಾಡಿದ್ರು?"

"ಚಪ್ಪಾಳೆ ತಟ್ಟಿದ್ರು."

ಅವನು ಮುಖ ತಿರುಗಿಸಿಕೊಂಡ. ಅಮ್ಮ ಬೈಯಲಿಲ್ಲ, ಅಳಲಿಲ್ಲ. "ಕಾಯಿಲೆ ಬಂದ್ಮೇಲೆ ಅವಳು ಮೊದಲ ಸಲ ಕೈ ಎತ್ತಿದ್ದು ನಾವು ಮುಟ್ಟದೆ ಇದ್ದ ಆ ಮೂರು ವಾರದಲ್ಲೇ. ನನ್ನ ಕಡೆಗೇ ಚಾಚಿದ್ಲು. ನಾನು ಹಿಂದೆ ಸರಿದೆ" ಎಂದಳು. ಆಮೇಲೆ ಕೈಗವಸು ಎರಡನ್ನೂ ಕಿತ್ತು ನೆಲಕ್ಕೆ ಹಾಕಿ, ಸ್ಟೂಲ್ ಎಳೆದುಕೊಂಡು ಮಗಳತ್ತ ಕೈ ಚಾಚಿದಳು.

ಹುಡುಗಿ ತನ್ನ ಎರಡೂ ಕೈಗಳನ್ನು ಹೊದಿಕೆಯೊಳಗೆ ಎಳೆದುಕೊಂಡಳು. ತುಟಿ ಆಡಿಸಿ ಏನೋ ಕೇಳಿದಳು. ನಳಿಕೆಯಿಂದ ಗಾಳಿ ಬಂತೇ ಹೊರತು ದನಿ ಬರಲಿಲ್ಲ. ನನಗೆ ಅರ್ಥವಾಗಲಿಲ್ಲ.

"ಏನಂತೆ?" ಎಂದು ಅಪ್ಪನನ್ನು ಕೇಳಿದೆ.

ಅವನು ನನ್ನನ್ನು ನೋಡದೆಯೇ ಹೇಳಿದ. "ನಾನು ಕ್ಲೀನ್ ಆದ್ನಾ ಅಂತ ಕೇಳ್ತಿದಾಳೆ."

ಏಳು ವಾರ ಕ್ಲೀನ್ ಬಂತೋ ಇಲ್ಲವೋ ಎಂಬ ಆ ಮಾತು ಅವಳ ತಲೆಯ ಮೇಲೇ ಓಡಾಡಿತ್ತು. ಅವಳಿಗೆ ಕೇಳಿಸುತ್ತಿರಬಹುದು ಎಂದು ನಮಗೆ ಯಾರಿಗೂ ಹೊಳೆದಿರಲಿಲ್ಲ. ಇಪ್ಪತ್ತು ವರ್ಷದಲ್ಲಿ ತಟ್ಟೆ ನೋಡದೆ ನಾನು ಒಂದು ರಿಪೋರ್ಟನ್ನೂ ಕೊಟ್ಟವಳಲ್ಲ.

"ನೀನು ಯಾವತ್ತೂ ಕ್ಲೀನೇ ಇದ್ದೆ ಪುಟ್ಟಾ. ತಪ್ಪು ಬರೆದಿದ್ದು ನಾನು" ಎಂದೆ.

ಅವಳು ನನ್ನನ್ನು ನೋಡಿದಳು, ಅಮ್ಮನನ್ನು ನೋಡಿದಳು. ಹೊದಿಕೆಯೊಳಗಿನ ಕೈ ಹೊರಗೆ ಬರಲಿಲ್ಲ. ಅಮ್ಮ ಚಾಚಿದ ಕೈಯನ್ನು ಹಾಗೇ ಹೊದಿಕೆಯ ಮೇಲಿಟ್ಟುಕೊಂಡು ಕೂತಳು.