ನಾಲ್ಕನೆಯ ಮೇಜು

ನಾಡಿ ಬಡಿಯುವ ಆ ಶಬ್ದ ತನಗೆ ಒಮ್ಮೆಯೂ ಕೇಳಿಸಿಲ್ಲ ಎಂಬುದನ್ನು ಸಿರ್ಗಾ ತನ್ನೊಳಗೇ ಇನ್ನೊಮ್ಮೆ ಒಪ್ಪಿಕೊಂಡಳು. ಎರಡು ವರ್ಷದಿಂದ ಎಷ್ಟೋ ತೋಳುಗಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, ಸ್ಟೆತಸ್ಕೋಪ್ ಇಟ್ಟಿದ್ದಳು. ಕಿವಿಯಲ್ಲಿ ಬರೀ ಮೌನ. ರಕ್ತದೊತ್ತಡ ನೂರಿಪ್ಪತ್ತು–ಎಂಬತ್ತು ಎಂದು ಬರೆದು ಮುಂದಿನ ಹಾಸಿಗೆಗೆ ಹೋಗುತ್ತಿದ್ದಳು. ಕಳೆದ ಚಳಿಗಾಲದಲ್ಲಿ ಹೀಗೇ ಬರೆದು ಸಿಕ್ಕಿಬಿದ್ದ ಹುಡುಗಿಯನ್ನು ನರ್ಸಿಂಗ್ ಕಾಲೇಜಿನಿಂದ ಅದೇ ದಿನ ಹೊರಗೆ ಹಾಕಿದ್ದರು.

ಪ್ರಾಯೋಗಿಕ ಪರೀಕ್ಷೆ ಮುಗಿಸಿ ಬಂದ ಗೆಳತಿ ಜೂರಾ ಕಾರಿಡಾರಿನ ಬೆಂಚಿನ ಮೇಲೆ ದೊಪ್ಪನೆ ಕುಳಿತಳು.

"ಇದು ಪರೀಕ್ಷೆನೋ ನಾಟಕನೋ! ರಬ್ಬರ್ ಗೊಂಬೇನ 'ನೋವಾಗ್ತಿದ್ಯಾ ಅಜ್ಜಾ' ಅಂತ ಕೇಳಿದ್ರೆ ಅಂಕ. ಕೇಳದೆ ಸೂಜಿ ಸರಿಯಾಗಿ ಚುಚ್ಚಿದ್ರೂ ಅಂಕ ಕಟ್!"

"ನಾಲ್ಕನೇ ಮೇಜು?"

"ಅಲ್ಲಿ ನಮ್ಮ ನೆಲ ಒರೆಸೋ ಊಲ್ಕಾನ್ ಎಜೆನೇ ರೋಗಿ. ಹೆಸರು ಹೇಳು, ನಗು, ಪಟ್ಟಿ ಕಟ್ಟು. ಅಂಕಿ ಯಾರು ನೋಡ್ತಾರೆ? ಆರೋಗ್ಯವಂತೆ ಅಂತ ಅವರ ಪಾತ್ರದ ಚೀಟೀಲೇ ಬರೆದಿದೆ. ಬಾಯಿ ಬಿಡೇ ಮಾರಾಯ್ತಿ, ಗೋಡೆ ಥರ ನಿಂತ್ಕೋಬೇಡ."

ಗಂಟೆ ಹೊಡೆಯಿತು. ಸಿರ್ಗಾ ನಾಲ್ಕನೆಯ ಮೇಜಿಗೆ ಹೋದಳು. ಒಂದೊಂದು ಮೇಜಿಗೂ ಏಳು ನಿಮಿಷ.

ಎಲ್ಲರೂ ಎಜೆ, ಅಂದರೆ ಅಕ್ಕ, ಎಂದು ಕರೆಯುವ ಊಲ್ಕಾನ್ ಮಂಚದ ಮೇಲೆ ಕುಳಿತು ಕುರುತ್ ಚೀಪುತ್ತಿದ್ದಳು. ಉಪ್ಪು ಹಾಕಿ ಒಣಗಿಸಿದ ಆ ಮೊಸರಿನ ಉಂಡೆ ಅವಳ ಕೆನ್ನೆಯಲ್ಲಿ ಉಬ್ಬಿ ನಿಂತಿತ್ತು.

"ಹನ್ನೆರಡನೆಯವಳು ನೀನು. ತೋಳು ಮರಗಟ್ಟಿಹೋಯ್ತು. ಬೆಳಿಗ್ಗೆಯಿಂದ ತಲೆ ಬೇರೆ ಸಿಡೀತಿದೆ."

ಕಿಟಕಿಯ ಬಳಿಯಿಂದ, ರಾಜಧಾನಿ ಬಿಷ್ಕೆಕ್‌ನಿಂದ ಬಂದ ಪರೀಕ್ಷಕಿ ಅನಾರಾ ತಲೆಯೆತ್ತದೆ ಹೇಳಿದಳು: "ಎಜೆ, ಚೀಟೀಲಿ ಇಲ್ಲದ್ದು ಹೇಳ್ಬೇಡಿ."

ಸಿರ್ಗಾ ಹೆಸರು ಹೇಳಿದಳು. ನಗು ಬರಲಿಲ್ಲ. ಪಟ್ಟಿ ಸುತ್ತಿ ಸ್ಟೆತಸ್ಕೋಪನ್ನು ಕಿವಿಗಿಟ್ಟುಕೊಂಡಳು. ಊಲ್ಕಾನ್ ಎಜೆ ಅವಳ ಮುಖವನ್ನೇ ನೋಡಿ, ಕುರುತನ್ನು ಇನ್ನೊಂದು ಕೆನ್ನೆಗೆ ಸರಿಸಿ, ಪಿಸುಗುಟ್ಟಿದಳು:

"ಹಿಂದುಮುಂದಾಗಿ ಹಾಕ್ಕೊಂಡಿದೀಯಲ್ಲ ಮಗಳೇ. ಕಿವೀಗಿಡೋ ತುದಿ ಮುಂದಕ್ಕೆ ಬಾಗಿರ್ಬೇಕು. ಆರು ವರ್ಷದಿಂದ ನೋಡ್ತಿದೀನಿ, ನನಗೇ ಗೊತ್ತು."

ಸಿರ್ಗಾಳ ಮುಖ ಕಾವೇರಿತು. ತಿರುಗಿಸಿ ಹಾಕಿಕೊಂಡಳು. ಎಂದಿನಂತೆ ನೂರ ಎಂಬತ್ತರವರೆಗೆ ಗಾಳಿ ತುಂಬಿ ನಿಲ್ಲಿಸಿದಳು.

ಟಕ್. ಟಕ್. ಟಕ್.

ಯಾರೋ ಒಳಗಿನಿಂದ ಬಾಗಿಲು ಬಡಿದಂತೆ. ಅವಳು ಬೆಚ್ಚಿದಳು. ಆರೋಗ್ಯವಂತರಲ್ಲಿ ಇಷ್ಟು ಮೇಲೆ ಶಬ್ದ ಇರಬಾರದು. ಗಾಳಿ ಬಿಟ್ಟು, ಮತ್ತೆ ತುಂಬಿದಳು, ಇನ್ನೂ ಮೇಲಕ್ಕೆ. ಮುಳ್ಳು ಇಳಿಯುತ್ತ ಇನ್ನೂರ ಹತ್ತಕ್ಕೆ ಬಂದಾಗ ಬಡಿತ ಶುರುವಾಯಿತು. ನೂರ ಮೂವತ್ತರವರೆಗೂ ನಿಲ್ಲಲಿಲ್ಲ.

ಮೇಜಿನ ಮೇಲಿನ ಹಾಳೆಯಲ್ಲಿ ಹನ್ನೊಂದು ಹೆಸರುಗಳಿದ್ದವು. ಹನ್ನೊಂದರ ಮುಂದೆಯೂ ನೂರಿಪ್ಪತ್ತು–ಎಂಬತ್ತು. ಹನ್ನೊಂದನೆಯದು ಜೂರಾಳ ದುಂಡು ಅಕ್ಷರ. ಎಲ್ಲರೂ ಕೇಳಿಸಿಕೊಳ್ಳದೆಯೇ ಬರೆದಿದ್ದರು. ಎರಡು ವರ್ಷ ತಾನು ಮುಟ್ಟಿ ಬಿಟ್ಟುಬಂದ ತೋಳುಗಳೆಲ್ಲ ಸಿರ್ಗಾಳಿಗೆ ಒಮ್ಮೆಲೇ ನೆನಪಾದವು.

ಗಂಟೆ ಹೊಡೆಯಿತು. ಉಳಿದವರು ಮುಂದಿನ ಮೇಜುಗಳಿಗೆ ಸರಿದರು.

"ಕ್ರಮ ಎಲ್ಲಾ ಸರಿಯಿದೆ," ಎಂದಳು ಅನಾರಾ. "ಅಂಕಿ ಬರೆದು ನಡಿ. ಹಿಂದಿನವಳು ಕಾಯ್ತಿದಾಳೆ."

ಊಲ್ಕಾನ್ ಎಜೆ ಹಣೆ ಒತ್ತಿಕೊಳ್ಳುತ್ತ ಇಳಿಯಲು ಕಾಲು ಚಾಚಿದಳು. ಸಿರ್ಗಾ ಅವಳ ಭುಜ ಹಿಡಿದು ಮಲಗಿಸಿದಳು.

"ಇನ್ನೂರ ಹತ್ತು, ನೂರ ಮೂವತ್ತು," ಎಂದಳು. ಅವಳ ದನಿ ಆ ಕೋಣೆಯಲ್ಲಿ ಯಾರೂ ಕೇಳಿರದಷ್ಟು ದೊಡ್ಡದಾಗಿತ್ತು. "ಡಾಕ್ಟರನ್ನ ಕರೀರಿ." ಊಲ್ಕಾನ್ ಕಡೆ ತಿರುಗಿದಳು. "ಇಷ್ಟು ದಿನ ನನಗೆ ಏನೂ ಕೇಳಿಸ್ತಿರ್ಲಿಲ್ಲ ಎಜೆ, ಸುಳ್ಳು ಬರೀತಿದ್ದೆ. ಇವತ್ತು ಕೇಳಿಸ್ತು."