ವೇದಿಕೆಯ ಪಕ್ಕದ ಬಾಗಿಲು

ಮುಂಬೈ ಕಡೆಯ ವಿಠ್ಠಲವಾಡಿ ಸ್ಟೇಷನ್ನಿನ ಹತ್ತಿರ ಸ್ನೇಹಬಂಧು ಕನ್ನಡ ಬಳಗದವರು ಹಳೆಯ ಗೋದಾಮೊಂದನ್ನು ಸಭಾಭವನವಾಗಿ ಮಾರ್ಪಡಿಸಲು ಹೊರಟಾಗ ಒಳಾಂಗಣದ ಕೆಲಸ ಸ್ಪಂದನಾಳ ಪಾಲಿಗೆ ಬಂತು. ಅವಳು ಮೈಸೂರಿನವಳು, ಮದುವೆಯಾಗಿ ಘಣಸೋಲಿಗೆ ಬಂದವಳು. ನವಿ ಮುಂಬೈಯ ಆಫೀಸು, ಕ್ಲಿನಿಕ್ಕುಗಳಿಗೆ ವಿನ್ಯಾಸ ಮಾಡಿಕೊಟ್ಟು ಒಳ್ಳೆಯ ಹೆಸರು ಮಾಡಿದ್ದಳು. ಇದು ನಮ್ಮವರ ಕೆಲಸ ಎಂದು ಮಾಮೂಲಿಗಿಂತ ಹೆಚ್ಚೇ ಮುತುವರ್ಜಿ ವಹಿಸಿದಳು.

ಎದುರುಬದುರು ಗಾಳಿ ಆಡಲೆಂದು ಗೋಡೆಯ ಎತ್ತರದಲ್ಲಿ ಕಿಟಕಿಗಳನ್ನು ಕೊರೆಸಿದಳು. ಮೈಕಿನ ಸದ್ದು ತಗಡಿನ ಮಾಡಿಗೆ ಬಡಿದು ಕಿವಿ ಕೊರೆಯದಂತೆ ಮೇಲೆ ಸದ್ದು ಹೀರುವ ಹಲಗೆಗಳನ್ನು ಕೂರಿಸಿದಳು. ಮೂಗಿಗೆ ಹೊಡೆಯದ ಬಣ್ಣ, ಕಾಲು ಜಾರದ ಟೈಲ್ಸ್, ಬಾಗಿಲಲ್ಲಿ ಗಾಲಿಕುರ್ಚಿಗೆ ಇಳಿಜಾರು, ವಯಸ್ಸಾದವರಿಗೆಂದು ಗೋಡೆಯುದ್ದಕ್ಕೂ ಬೆನ್ನಾನಿಕೆಯ ಬೆಂಚು, ಅದಕ್ಕೆ ಹಾಲಿನ ಕೆನೆಯ ಬಣ್ಣದ ಮೆತ್ತೆ. ಎಲ್ಲವನ್ನೂ ನಿಂತು ಮಾಡಿಸಿದಳು.

ಶೌಚಾಲಯ ಮಾತ್ರ ವೇದಿಕೆಯ ಪಕ್ಕಕ್ಕೇ ಬರಬೇಕಾಯಿತು. ಗೋದಾಮಿನ ಚರಂಡಿ ಪೈಪು ಆ ಬದಿಯಲ್ಲೇ ಇತ್ತು. ಮೊದಲ ನಕ್ಷೆಯಲ್ಲಿ ಊಟದ ಮನೆಯ ಕಡೆಯಿಂದ ಒಂದು ಸಣ್ಣ ಪ್ಯಾಸೇಜು ಸುತ್ತಿ ಬಂದು ಹಿಂಬದಿಯಿಂದ ಅದನ್ನು ಸೇರುತ್ತಿತ್ತು. ಬಳಗದ ಅಧ್ಯಕ್ಷ ಪುಂಡರೀಕಾಕ್ಷ, ಬ್ಯಾಂಕಿನಿಂದ ನಿವೃತ್ತರಾದವರು, ದಾನಿಗಳ ಹೆಸರಿನ ಫಲಕಕ್ಕೆ ಎದ್ದು ಕಾಣುವ ಜಾಗ ಬೇಕೆಂದರು. ಆ ಪ್ಯಾಸೇಜಿನ ಬಾಯಿಯೇ ಎದ್ದು ಕಾಣುವ ಜಾಗವಾಗಿತ್ತು. ಸ್ಪಂದನಾ ಅದನ್ನು ಗೋಡೆ ಕಟ್ಟಿ ಮುಚ್ಚಿಸಿ, ಶೌಚಾಲಯದ ಬಾಗಿಲನ್ನು ಸಭಾಂಗಣದ ಕಡೆಗೆ ತಿರುಗಿಸಿದಳು. ಕಾಗದದ ಮೇಲೆ ಅದು ಒಂದು ಗೆರೆಯ ಕೆಲಸ.

“ಬಾಗಿಲಿಗೂ ಗೋಡೆಯದೇ ಬಣ್ಣ ಕೊಡಿಸ್ತೀನಿ ಸರ್. ಅಲ್ಲೊಂದು ಬಾಗಿಲಿದೆ ಅಂತಾನೇ ಗೊತ್ತಾಗಲ್ಲ,” ಎಂದಿದ್ದಳು. ಪುಂಡರೀಕಾಕ್ಷರು ಮೆಚ್ಚಿ ತಲೆಯಾಡಿಸಿದ್ದರು.

ಹೊಸ ಭವನದಲ್ಲಿ ನಡೆದ ಮೊದಲ ಮದುವೆ ಭೀಮುವಿನ ಮಗಳದು. ಭೀಮು ಕಲಬುರಗಿ ಕಡೆಯವನು, ತುರ್ಭೆಯಲ್ಲಿ ಲೋಡಿಂಗ್ ಕೆಲಸ. ಬಳಗದ ಎಲ್ಲ ಕಾರ್ಯಕ್ರಮಕ್ಕೂ ಪೆಂಡಾಲು ಹಾಕಲು, ಕುರ್ಚಿ ಜೋಡಿಸಲು ಮೊದಲು ಬರುತ್ತಿದ್ದವನು ಅವನೇ. “ನೀವು ಬರ್ಲೇಬೇಕ್ರಿ ಮೇಡಂ. ನೀವು ಮಾಡಿದ ಹಾಲ್‌ನಾಗ ನಮ್ಮ ಮಗಳ ಮದಿವಿ,” ಎಂದು ಕಲ್ಲುಸಕ್ಕರೆ ಕೊಟ್ಟು ಕರೆದಿದ್ದ. ಸ್ಪಂದನಾ ರೇಷ್ಮೆ ಸೀರೆಯುಟ್ಟು ಹೋದಳು. ತುಂಬಿದ ಸಭಾಂಗಣವನ್ನು ಫೋನಿನಲ್ಲಿ ಹಿಡಿದುಕೊಳ್ಳುವ ಆಸೆಯೂ ಇತ್ತು.

ಹಾಲ್ ನಿಜಕ್ಕೂ ಚೆನ್ನಾಗಿ ಕಾಣುತ್ತಿತ್ತು. ಇಷ್ಟು ಜನ ಸೇರಿದ್ದರೂ ಉಸಿರು ಕಟ್ಟುತ್ತಿರಲಿಲ್ಲ. ವೇದಿಕೆಯ ಮುಂದೆ ಬೀಗರ ಕಡೆಯ ಹಿರಿಯರು ರುಮಾಲು ಸುತ್ತಿ ಕೂತಿದ್ದರು. ವಿಡಿಯೋದವರು ಗೋಡೆಗೆ ದೊಡ್ಡ ಪರದೆ ಹಾಕಿ ವೇದಿಕೆಯ ಮೇಲಿನದನ್ನೆಲ್ಲ ಅದರಲ್ಲಿ ತೋರಿಸುತ್ತಿದ್ದರು. ಗೋಡೆಯ ಬೆಂಚಿನ ಮೇಲೆ ಭೀಮುವಿನ ತಾಯಿ ದಾನಮ್ಮ ಹಸಿರು ಇಳಕಲ್ ಸೀರೆಯುಟ್ಟು, ತಲೆಯ ಮೇಲೆ ಸೆರಗು ಹೊದ್ದು ಕೂತಿದ್ದಳು. ಸ್ಪಂದನಾ ಹೋಗಿ ನಮಸ್ಕರಿಸಿದಾಗ ಮುದುಕಿ ಅವಳ ಕೈ ಹಿಡಿದು, “ಛಂದ ಮಾಡೀರಿ ತಂಗಿ, ದೊಡ್ಡವರ ಮನಿ ಆದಂಗ ಆಗ್ಯಾದ,” ಎಂದಳು. ಸ್ಪಂದನಾ ಹಿಗ್ಗಿದಳು.

ಅಕ್ಷತೆ ಬಿದ್ದು, ಉಡುಗೊರೆ ಹಿಡಿದು ಆಹೇರಿ ಮಾಡುವವರ ಸಾಲು ವೇದಿಕೆ ಹತ್ತಿ ಇಳಿಯುತ್ತಿತ್ತು. ಸ್ಪಂದನಾ ಹಿಂದಿನ ಬಾಗಿಲ ಬಳಿ ನಿಂತು ಫೋಟೋ ತೆಗೆಯುತ್ತಿದ್ದಾಗ ಸ್ಟೀಲಿನ ಜಗ್ಗು ನೆಲಕ್ಕೆ ಬಿದ್ದ ಸದ್ದು ಕೇಳಿಸಿತು. ತಿರುಗಿ ನೋಡಿದರೆ ನೀರು ಕೊಡುತ್ತಿದ್ದ ಹುಡುಗಿಯೊಬ್ಬಳು ದಾನಮ್ಮನ ಮಡಿಲಿಗೆ ಜಗ್ಗಿನ ನೀರೆಲ್ಲ ಸುರಿದುಬಿಟ್ಟಿದ್ದಳು. ಮೆತ್ತೆಯಿಂದ ನೆಲಕ್ಕೆ ನೀರು ತೊಟ್ಟಿಕ್ಕುತ್ತಿತ್ತು.

“ಅಯ್ಯ, ಎಡವಿದೆ ನೋಡ್ರಿ! ಆಯಿ, ಪೂರಾ ತೋಯ್ಸಿಬಿಟ್ಟೆ,” ಎಂದು ಹುಡುಗಿ ಅಕ್ಕಪಕ್ಕದವರಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು. ಅವಳು ಭೀಮುವಿನ ತಂಗಿಯ ಮಗಳು, ದಾನಮ್ಮನ ಮೊಮ್ಮಗಳು ಮಲ್ಲಿಕಾ, ತುರ್ಭೆಯ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸದವಳು.

ಸ್ಪಂದನಾ ದಾಪುಗಾಲು ಹಾಕಿ ಬಂದಳು. ಅವಳ ಕಣ್ಣಿಗೆ ಬಿದ್ದದ್ದು ಮೆತ್ತೆ.

“ಏನ್ರೀ ಇದು? ಇಷ್ಟು ದೊಡ್ಡ ಹಾಲ್‌ನಲ್ಲಿ ನೀರು ಚೆಲ್ಲೋದಕ್ಕೆ ಇದೇ ಜಾಗ ಸಿಕ್ತಾ? ಹೊಸ ಬಟ್ಟೆ ಇದು. ನೋಡ್ಕೊಂಡು ನಡೆಯೋಕಾಗಲ್ವಾ?”

ಮಲ್ಲಿಕಾ ತಲೆ ತಗ್ಗಿಸಿದಳು. “ತಪ್ಪಾಯ್ತ್ರಿ ಮೇಡಂ.”

“ತಪ್ಪಾಯ್ತು ಅಂದ್ರೆ ಮುಗೀತಾ? ಅಜ್ಜಿ, ಸ್ವಲ್ಪ ಏಳಿ. ಕುಶನ್ ಬೇಗ ತೆಗೀದಿದ್ರೆ ಕಲೆ ಕೂತುಬಿಡತ್ತೆ.”

ದಾನಮ್ಮ ಏಳಲಿಲ್ಲ. ಎರಡೂ ಕೈಯಿಂದ ಬೆಂಚಿನ ಅಂಚು ಹಿಡಿದುಕೊಂಡಳು. “ಇರಲಿ ತಂಗಿ, ಆಮ್ಯಾಲ,” ಎಂದಳು ಮೆಲ್ಲಗೆ.

“ಒಂದು ನಿಮಿಷ ಅಜ್ಜಿ, ಅಷ್ಟೇ,” ಎಂದು ಸ್ಪಂದನಾ ಅವಳ ತೋಳು ಹಿಡಿದು ಎಬ್ಬಿಸಿಯೇಬಿಟ್ಟಳು. ಮುಂದಿನ ಸಾಲಿನವರೂ ಹಿಂತಿರುಗಿ ನೋಡಿದರು. ಒದ್ದೆ ಸೀರೆ ಕಾಲಿಗೆ ಅಂಟಿಕೊಂಡು ಮುದುಕಿ ಎಲ್ಲರ ನಡುವೆ ನಿಂತಳು. ಮಲ್ಲಿಕಾ ತಟ್ಟನೆ ತನ್ನ ದುಪ್ಪಟ್ಟಾವನ್ನು ಅವಳ ಸೊಂಟಕ್ಕೆ ಸುತ್ತಿ, ತಬ್ಬಿ ಹಿಡಿದು ಅಡುಗೆಮನೆಯ ಕಡೆ ಕರೆದೊಯ್ದಳು. ಹೋಗುವಾಗ ಒಮ್ಮೆ ಸ್ಪಂದನಾಳ ಕಡೆ ನೋಡಿದಳು. ಆ ನೋಟದಲ್ಲಿ ಸಿಟ್ಟಿದೆ ಅನ್ನಿಸಿ ಸ್ಪಂದನಾಳಿಗೂ ಸಿಟ್ಟು ಬಂತು. ತಪ್ಪು ಮಾಡಿದ್ದೂ ಅವಳೇ, ಮುಖ ಗಂಟಿಕ್ಕುವುದೂ ಅವಳೇ.

ಮೆತ್ತೆಯನ್ನು ಬಿಸಿಲಿಗಿಡಲು ಅವಳೇ ಹಿತ್ತಿಲಿಗೆ ಹೊರಟಳು. ಅಡುಗೆಮನೆ ದಾಟಿದರೆ ಹಿಂದೆ ಒಂದು ನಲ್ಲಿ. ಅಲ್ಲಿ ಮಲ್ಲಿಕಾ ಕುಕ್ಕರಗಾಲಲ್ಲಿ ಕೂತು ಹಸಿರು ಸೀರೆಗೆ ಸಾಬೂನು ಹಚ್ಚಿ ತಿಕ್ಕುತ್ತಿದ್ದಳು. ಪಕ್ಕದಲ್ಲಿ ಮಗುಚಿದ ಬುಟ್ಟಿಯ ಮೇಲೆ ದಾನಮ್ಮ ಯಾರದೋ ನೈಲಾನ್ ಸೀರೆ ಸುತ್ತಿಕೊಂಡು ಕೂತಿದ್ದಳು. ನೀರು ಬಿದ್ದ ಸೀರೆಗೆ ಸಾಬೂನು ಯಾಕೆ ಎಂದು ಸ್ಪಂದನಾ ಒಂದು ಕ್ಷಣ ಯೋಚಿಸಿದಳು. ಕೈಯಲ್ಲಿದ್ದ ಮೆತ್ತೆಯ ವಾಸನೆ ಆಗ ಅವಳಿಗೆ ತಿಳಿಯಿತು.

ದಾನಮ್ಮ ಅವಳ ಮುಖ ನೋಡಲಿಲ್ಲ. ನೆಲ ನೋಡುತ್ತ ಹೇಳಿದಳು: “ಆ ಪೋರಿಗಿ ಬೈಬ್ಯಾಡ ತಂಗಿ. ನೀರು ಆಮ್ಯಾಲ ಬಿದ್ದಾದ.”

ಸ್ಪಂದನಾ ಮೆತ್ತೆಯನ್ನು ನೆಲಕ್ಕಿಟ್ಟಳು.

“ಎರಡು ಸಲ ಎದ್ದಿದ್ದೆ. ಬೀಗರು ಸಾಲಾಗಿ ಕುಂತಾರ. ಅವರ ಮುಂದ ಹಾದು ಆ ಬಾಗಿಲಿಗಿ ಹ್ಯಾಂಗ ಹೋಗಲಿ? ಯಾರೋ ಹೆಣ್ಮಗಳು ಹೋದಳು, ಆಕಿ ಬಾಗಿಲು ತಗಿಯೋದು ಆ ಪರದಿ ಮ್ಯಾಲ ಕಾಣ್ತು. ಹುಡುಗರು ನಕ್ರು. ನಾನು ಕುಂತುಬಿಟ್ಟೆ. ಮುಂಜಾನಿಂದ ಕುಂತೇ ಇದ್ದೆ.”

“ಆಯಿ, ಸಾಕು. ಯಾರಿಗೂ ಗೊತ್ತಿಲ್ಲ, ನೀನೇ ಯಾಕ ಹೇಳ್ತಿ?” ಎಂದಳು ಮಲ್ಲಿಕಾ.

ತಾನು ಅವಳನ್ನು ತೋಳು ಹಿಡಿದು ಎಬ್ಬಿಸಿದ್ದು ಸ್ಪಂದನಾಳ ಕಣ್ಣ ಮುಂದೆ ಬಂತು. “ಕ್ಷಮಿಸಿ ಅಜ್ಜಿ” ಎನ್ನಲು ಬಾಯಿ ತೆರೆದಳು, ಅಷ್ಟರಲ್ಲಿ ಊಟಕ್ಕೆ ಕರೆಯಲು ಭೀಮು ನಗುನಗುತ್ತ ಬಂದ. “ಏನ್ ಯವ್ವಾ, ಸೀರಿ ತೊಯ್ಸಿಕೊಂಡ್ಯಂತಲ್ಲ!” ಎಂದ. ಮೂವರು ಹೆಂಗಸರೂ ಹೌದೆಂದರು. ಸ್ಪಂದನಾ ಊಟ ಮಾಡದೆ, ತಲೆನೋವಿನ ನೆಪ ಹೇಳಿ ಹೊರಟುಬಿಟ್ಟಳು.

ಘಣಸೋಲಿಯ ಮನೆಗೆ ಬಂದವಳು ಮೊದಲು ಮಾಡಿದ್ದು ಬಚ್ಚಲಿಗೆ ಓಡಿದ್ದು. ಅಲ್ಲಿ ಅವಳಿಗೆ ಇನ್ನೊಂದು ವಿಷಯ ಹೊಳೆಯಿತು. ಬೆಳಗಿನಿಂದ ಅವಳೂ ಹೋಗಿರಲಿಲ್ಲ. ಹೋದ ತಿಂಗಳ ಉದ್ಘಾಟನೆಯ ದಿನವೂ ಹೋಗಿರಲಿಲ್ಲ. ಅವತ್ತು ಶಾಲು ಹೊದಿಸಿ ಸನ್ಮಾನ ಮಾಡಿದಾಗ ಕೊಟ್ಟ ಎಳನೀರನ್ನು ಹಾಗೇ ಬಿಟ್ಟಿದ್ದಳು. ತಾನೇ ಮಾಡಿಸಿದ ಬಾಗಿಲಿನೊಳಗೆ ತಾನು ಒಮ್ಮೆಯೂ ಜನರ ಮುಂದೆ ಹೋಗಿರಲಿಲ್ಲ, ಯಾಕೆಂದು ಕೇಳಿಕೊಂಡಿರಲೂ ಇಲ್ಲ. ಮೈಗೆ ತಿಳಿದದ್ದು ತಲೆಗೆ ತಿಳಿದಿರಲಿಲ್ಲ. ಬಚ್ಚಲ ಬಾಗಿಲಿಗೆ ಒರಗಿಕೊಂಡು ಅತ್ತಳು.

ಮುಂದಿನ ಭಾನುವಾರ ಬಳಗದ ಸಮಿತಿಯ ಸಭೆಯಿತ್ತು. ತನ್ನನ್ನೂ ಕರೆಯಿರಿ ಎಂದು ಅವಳೇ ಪುಂಡರೀಕಾಕ್ಷರಿಗೆ ಫೋನ್ ಮಾಡಿದಳು. ಸಮಿತಿಯಲ್ಲಿ ಹೆಂಗಸರು ಯಾರೂ ಇರಲಿಲ್ಲ. ನಕ್ಷೆ ಬಿಡಿಸಿಟ್ಟು, ದಾನಿಗಳ ಫಲಕದ ಗೋಡೆ ಒಡೆದು ಪ್ಯಾಸೇಜು ತೆರೆಯಬೇಕು, ಶೌಚಾಲಯದ ಬಾಗಿಲನ್ನು ಹಿಂಬದಿಗೆ ತಿರುಗಿಸಬೇಕು ಎಂದಳು.

“ಯಾಕಮ್ಮಾ? ಎಲ್ಲ ಚೆನ್ನಾಗೇ ಇದೆಯಲ್ಲ,” ಎಂದರು ಪುಂಡರೀಕಾಕ್ಷರು. “ಯಾರೂ ಒಂದು ಕಂಪ್ಲೇಂಟ್ ಕೂಡ ಕೊಟ್ಟಿಲ್ಲ.”

“ಕೊಡೋ ಅಂಥದ್ದಲ್ಲ ಸರ್ ಇದು.”

“ದಾನಿಗಳ ಹೆಸರನ್ನ ಈಗ ತಾನೇ ಹಾಕಿದೀವಿ. ತೆಗೆದ್ರೆ ಬೇಜಾರು ಮಾಡ್ಕೋತಾರೆ. ಯಾರಾದ್ರೂ ಏನಾದ್ರೂ ಅಂದ್ರಾ? ಹೆಸರು ಹೇಳಿ, ನಾನೇ ಮಾತಾಡ್ತೀನಿ.”

ಆ ಹೆಸರು ಅವಳ ನಾಲಿಗೆಯ ತುದಿಯಲ್ಲಿತ್ತು. ಹೇಳಿದ್ದರೆ ಕೆಲಸ ಸುಲಭವಾಗುತ್ತಿತ್ತು. ಎಲ್ಲರೂ ಅಯ್ಯೋ ಪಾಪ ಎನ್ನುತ್ತಿದ್ದರು. ಬಾಗಿಲ ಬಳಿ ಚಹಾದ ಟ್ರೇ ಹಿಡಿದು ಭೀಮು ನಿಂತಿದ್ದ.

“ನನ್ನ ಹೆಸರೇ ಬರ್ಕೊಳ್ಳಿ ಸರ್,” ಎಂದಳು. “ಉದ್ಘಾಟನೆ ದಿನ ಬೆಳಗ್ಗೆಯಿಂದ ಸಂಜೆವರೆಗೂ ನಾನು ಟಾಯ್ಲೆಟ್‌ಗೆ ಹೋಗಲಿಲ್ಲ. ನೀರೂ ಕುಡೀಲಿಲ್ಲ. ಅಷ್ಟು ಜನದ ಮುಂದೆ, ವೇದಿಕೆ ಪಕ್ಕದಲ್ಲಿ ಆ ಬಾಗಿಲು ತೆಗೆಯೋಕೆ ನನಗೆ ನಾಚಿಕೆ ಆಯ್ತು. ಮಾಡಿದವಳಿಗೇ ಹೋಗೋಕಾಗದ ಬಾಗಿಲು ಅದು. ನಿಮ್ಮನೆಯವರನ್ನ ಕೇಳಿ ನೋಡಿ, ಅವರೂ ಹೋಗಿರಲ್ಲ.”

ಸಮಿತಿಯ ಒಬ್ಬರು ಮೊಬೈಲು ನೋಡತೊಡಗಿದರು. ಪುಂಡರೀಕಾಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು. “ಈ ವಿಷಯ ಇಲ್ಲಿ ಹೀಗೆ ಮಾತಾಡಬೇಕಾ ಅಮ್ಮಾ?” ಎಂದರು. ಸ್ಪಂದನಾಳಿಗೆ ಎದ್ದು ಹೋಗಿಬಿಡಬೇಕು ಅನ್ನಿಸಿತು. ಆದರೂ ಸಭೆ ಮುಗಿಯುವ ತನಕ ಕುರ್ಚಿ ಬಿಡಲಿಲ್ಲ. ಆ ದಿನ ಉತ್ತರ ಸಿಗಲಿಲ್ಲ. ಆ ವಾರದಲ್ಲೇ ಪುಂಡರೀಕಾಕ್ಷರು ಫೋನ್ ಮಾಡಿ, ಬೇರೇನೂ ಹೇಳದೆ, “ಮನೇಲಿ ಕೇಳ್ದೆ. ಗೋಡೆ ಒಡೆಸಿ,” ಎಂದರು.

ಕೆಲಸ ಶುರುವಾದ ಮೇಲೆ ಒಂದು ಸಂಜೆ ಅವಳು ತುರ್ಭೆಯ ಕಾರ್ಖಾನೆಯ ಗೇಟಿನ ಹತ್ತಿರ ಕಾದು ಮಲ್ಲಿಕಾಳನ್ನು ಕಂಡಳು. ಕೇಳಬೇಕಾದ ಕ್ಷಮೆ ಕೇಳಿದಳು.

“ಛೋಡೋ ಮೇಡಂ, ಬಿಡ್ರಿ,” ಎಂದಳು ಮಲ್ಲಿಕಾ, ಶಿಫ್ಟು ಮುಗಿಸಿದ ಆಯಾಸದಲ್ಲಿ. “ನನಗ ಬೈದದ್ದು ಏನಿಲ್ಲ. ಕಾರ್ಖಾನ್ಯಾಗ ದಿನಾ ಬೈಸಿಕೊಳ್ತೀನಿ. ಆಯಿನ್ನ ಎಬ್ಬಿಸಿದ್ರಲ್ಲ, ಅದು.” ಅವಳು ಮುಂದೆ ಹೇಳಲಿಲ್ಲ. ರಿಕ್ಷಾ ಬಂತು, ಹತ್ತಿ ಹೋದಳು.

ಗೋಡೆ ಒಡೆದು ಪ್ಯಾಸೇಜು ತೆರೆಯಿತು, ಬಾಗಿಲು ತಿರುಗಿತು. ಗುರುತಿಗೆ ಬೋರ್ಡು, ಒಳಗೆ ಹಿಡಿದು ಏಳಲು ಕಂಬಿ, ಬೆಳಕು. ಮುಂದಿನ ಕಾರ್ಯಕ್ರಮಗಳಲ್ಲಿ ಹೆಂಗಸರು ಯಾವ ಸದ್ದಿಲ್ಲದೆ ಹೋಗಿ ಬಂದರು. ಬದಲಾವಣೆ ಆಗಿದೆಯೆಂದು ಯಾರೂ ಹೇಳಲೂ ಇಲ್ಲ. ದಾನಮ್ಮ ಮಾತ್ರ ಯಾವುದಕ್ಕೂ ಬರಲಿಲ್ಲ. “ಮೊಣಕಾಲು ನೋವು ಅಂತಾಳ್ರಿ ನಮ್ಮವ್ವ,” ಎನ್ನುತ್ತಿದ್ದ ಭೀಮು.

ಕೊನೆಗೆ ಸ್ಪಂದನಾ ತಾನೇ ವಿಠ್ಠಲವಾಡಿಯ ಅವರ ಕೋಣೆಗೆ ಹೋದಳು. ಭೀಮು ಕೆಲಸಕ್ಕೆ ಹೋಗಿದ್ದ. ದಾನಮ್ಮ ಒಬ್ಬಳೇ ಹೊಸ್ತಿಲಲ್ಲಿ ಕೂತು ಮೆಂತ್ಯೆಸೊಪ್ಪು ಬಿಡಿಸುತ್ತಿದ್ದಳು. ಒಳಗೆ ಕರೆದು ಕೂರಿಸಿ, ಬೇಡವೆಂದರೂ ಚಹಾ ಕಾಸಿದಳು.

“ಅಜ್ಜಿ, ಅವತ್ತು ನಾನು ನಿಮ್ಮನ್ನ…”

“ಆ ಮಾತು ಬ್ಯಾಡ ತಂಗಿ.”

ಇಬ್ಬರೂ ಚಹಾ ಕುಡಿದರು. ಆಮೇಲೆ ದಾನಮ್ಮನೇ ಕೇಳಿದಳು: “ಗಂಡಸರ ಸಭಾದಾಗ ನಿಂದೇ ಹೇಳಿಕೊಂಡ್ಯಂತ? ಭೀಮು ಹೇಳ್ದ. ಏನ್ ಧೈರ್ಯ ಆ ಮೇಡಂದು ಅಂದ. ಯಾಕ ಹೇಳಿದಿ ಅಂತ ಅವಗೇನ್ ಗೊತ್ತು.”

“ಹೌದು ಅಜ್ಜಿ.”

“ನಾಚಿಕಿ ಬರ್ಲಿಲ್ಲ?”

“ಬಂತು. ಈಗಲೂ ಬರತ್ತೆ.”

ಮದುವೆಯ ಆ ದಿನದ ನಂತರ ಮುದುಕಿ ಮೊದಲ ಸಲ ಅವಳ ಮುಖವನ್ನು ನೇರವಾಗಿ ನೋಡಿದಳು. “ನನಗೂ ಬರ್ತಾದ,” ಎಂದಳು. “ಬಾಗಿಲು ತಿರುವಿದ್ದು ಚಲೋ ಆಯ್ತು. ನಾನು ಬರ್ತೀನಿ ಅಂತ ಹೇಳಲ್ಲ, ನನ್ನ ಕರಿಬ್ಯಾಡ. ಉಳಿದವರು ಹೋಗ್ಲಿ.”

ಸ್ಪಂದನಾ ಕರೆಯಲಿಲ್ಲ. ಹೊರಡುವಾಗ ದಾನಮ್ಮನ ಕಾಲು ಮುಟ್ಟಲು ಬಗ್ಗಿದಳು. ಮುದುಕಿ ಕಾಲು ಹಿಂದಕ್ಕೆಳೆದುಕೊಳ್ಳಲಿಲ್ಲ, ಹರಸಲೂ ಇಲ್ಲ. ಸೊಪ್ಪಿನ ಕಟ್ಟು ಮಡಿಲಿಗೆ ತೆಗೆದುಕೊಂಡು ಮತ್ತೆ ಬಿಡಿಸತೊಡಗಿದಳು.